ಫೆಬ್ರವರಿ ಮೂವತ್ತನ್ನು ಪಟ್ಟಿಯಿಂದ ಕೈಬಿಟ್ಟ ಬಗ್ಗೆ

ಸಂಖ್ಯೆ: ದಿಪ/ಪುಸುಕ/30/02
ದಿನಾಂಕ: ಪಟ್ಟಿ ಅನುಮೋದನೆಯಾದ ನಂತರ ನಮೂದಿಸಲಾಗುವುದು

ವಿಷಯ: ಜಾಗ ಅಳತೆಯ ದಿನಾಂಕಗಳನ್ನು ಕೈಬರಹದ ಬದಲು ಕಂಪ್ಯೂಟರಿನಿಂದ ಪಡೆದ ಬಗ್ಗೆ.
ಉಲ್ಲೇಖ: ಆಲೆಟ್ಟಿಯ ಕೃಷಿಕ ಪದ್ಮಯ್ಯ ಅವರ ಅರ್ಜಿ (ಮೂರನೇ ವರ್ಷ).

1. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಳತೆ ದಿನಾಂಕಗಳನ್ನು ಅಧೀಕ್ಷಕ ಮಹಾಬಲ ಅವರು ಪ್ರತಿ ತಿಂಗಳ 15 ಮತ್ತು 30 ಎಂದು ಕೈಯಲ್ಲೇ ಬರೆಯುತ್ತಿದ್ದು, ತಿಂಗಳು ತಿಂಗಳುಗಳ ನಡುವೆ ತಾರತಮ್ಯ ಮಾಡಿದ ಉದಾಹರಣೆ ಇರುವುದಿಲ್ಲ.

2. ಅದರಂತೆ ಪದ್ಮಯ್ಯ ಅವರಿಗೆ ಮೂರು ವರ್ಷವೂ ಫೆಬ್ರವರಿ 30 ಸಿಕ್ಕಿರುತ್ತದೆ. ಅಳತೆಯಾಗದ ಕಾರಣ ನೆರೆಯವರು ದಾರಿಗೆ ಬೇಲಿ ಹಾಕಿದ್ದು, ಪತ್ನಿ ಪ್ರೇಮಾವತಿಯವರು ತಮ್ಮದೇ ಬಾವಿಯ ನೀರಿಗೆ ಗುಡ್ಡ ಸುತ್ತಿ ಹೋಗುತ್ತಿದ್ದುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

3. ಜನವರಿಯಲ್ಲಿ ಪದ್ಮಯ್ಯ ಅವರು ಕಂಪ್ಯೂಟರ್ ಸಹಾಯಕಿ ಮನೋರಮಾ ಅವರ ಮೇಜಿಗೆ ಬಂದು, “ಅಕ್ಕಾ, ಈ ತಾರೀಕು ಯಾವಾಗ ಬರುದು ಮಾರಾಯ್ರೆ? ನಮ್ಮ ಕ್ಯಾಲೆಂಡರಲ್ಲಿ ಇಲ್ಲ. ನಿಮ್ಮದರಲ್ಲಿ ಉಂಟಾ?” ಎಂದು ಕೇಳಿರುತ್ತಾರೆ. ಮನೋರಮಾ ಅವರು ನಗಲು ಹೊರಟು, ಅವರ ಮುಖ ನೋಡಿ ನಗಲಾಗದೆ ತಲೆ ತಗ್ಗಿಸಿರುವುದು ವಿಚಾರಣೆಯಲ್ಲಿ ದೃಢಪಟ್ಟಿದೆ. ನಾಚಿಕೆಪಡಲು ಪೂರ್ವಾನುಮತಿ ಪಡೆದಿರುವುದಿಲ್ಲ.

4. ಸದರಿಯವರು ಕಂಪ್ಯೂಟರಿನಲ್ಲಿ ದಿನಾಂಕ ಪಟ್ಟಿ ಕೊಡುವ ಫಂಕ್ಷನ್ ಎಂಬ ಸಿದ್ಧ ಸೂತ್ರಕ್ಕೆ ಮೂರೇ ಮಾತು ಹೇಳಿದ್ದಾರೆ: ಜನವರಿ 15ರಿಂದ, ಒಟ್ಟು ಇಪ್ಪತ್ತನಾಲ್ಕು, ಹದಿನೈದು ದಿನಕ್ಕೊಂದು. ರೆಪ್ಪೆ ಬಡಿಯುವಷ್ಟರಲ್ಲಿ ಪಟ್ಟಿ ಬಂದಿದೆ. ಅದರಲ್ಲಿ ಫೆಬ್ರವರಿ 14 ಆದ ಮೇಲೆ ನೇರ ಮಾರ್ಚ್ 1; ಪದ್ಮಯ್ಯ ಅವರ ಅಳತೆ ಆ ದಿನಕ್ಕೆ ಬಂದಿದೆ. ಮಹಾಬಲ ಅವರಿಗೆ ಇದೇ ಕೆಲಸಕ್ಕೆ ಹನ್ನೊಂದು ದಿನ ಹಾಗೂ ಎರಡು ಕೆಂಪು ಪೆನ್ನು ತಗಲುತ್ತಿತ್ತು.

5. ಮಾರ್ಚ್ 1 ಭಾನುವಾರ. “ಆದಿತ್ಯವಾರ ಯಾರು ಹೋಗುದು?” ಎಂದು ಸರ್ವೆಯರ್ ಮಶೂದ್ ಅವರು ಆಕ್ಷೇಪಿಸಲಾಗಿ, “ನಾಲ್ಕನೇ ವರ್ಷಕ್ಕೆ ದೂಡುದಾ? ಬನ್ನಿ, ನಾನೂ ಬರ್ತೇನೆ” ಎಂದು ಮನೋರಮಾ ಅವರು ಚಪ್ಪಲಿ ಮೆಟ್ಟಿ ಹೊರಟಿದ್ದಾರೆ. ಮಧ್ಯಾಹ್ನದೊಳಗೆ ಅಳತೆ ಮುಗಿದು, ದಾರಿ ಪದ್ಮಯ್ಯ ಅವರದೇ ಎಂದಾಗಿ, ಬೇಲಿ ಬಿಚ್ಚಲಾಗಿದೆ. ಪ್ರೇಮಾವತಿಯವರು ಸೇದಿದ ಮೊದಲ ಕೊಡದ ನೀರನ್ನು ಮನೋರಮಾ ಅವರಿಗೇ ಕುಡಿಯಲು ಕೊಟ್ಟಿದ್ದು, ಅವರು ಎರಡು ಲೋಟ ಕುಡಿದಿರುತ್ತಾರೆ.

6. ಕಡತವೊಂದು ಮುಗಿದೇ ಹೋದ ಈ ಗಂಭೀರ ಪ್ರಕರಣ ಮರುಕಳಿಸದಂತೆ ಈ ಮೂಲಕ ಆದೇಶಿಸಲಾಗಿದೆ:

(ಅ) ಪ್ರತಿ ದಿನಾಂಕವೂ ತಾನು ಇರುವುದಾಗಿ ಮೂರು ಪ್ರತಿಗಳಲ್ಲಿ ದೃಢೀಕರಣ ಸಲ್ಲಿಸತಕ್ಕದ್ದು.

(ಆ) ಫಂಕ್ಷನ್ ಏಳು ದಿನದೊಳಗೆ ಖುದ್ದು ಹಾಜರಾಗಿ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಅದಕ್ಕೆ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು.

(ಇ) ಮನೋರಮಾ ಅವರನ್ನು ಟಪ್ಪಾಲು ಶಾಖೆಗೆ ವರ್ಗಾಯಿಸಲಾಗಿದೆ. ಜಾರಿಯ ದಿನಾಂಕವನ್ನು ಮಹಾಬಲ ಅವರೇ ಫೆಬ್ರವರಿ 30 ಎಂದು ಬರೆದಿರುವುದರಿಂದ, ಆ ದಿನ ಬರುವವರೆಗೆ ಅವರು ಅದೇ ಮೇಜಿನಲ್ಲಿ ಮುಂದುವರಿಯತಕ್ಕದ್ದು.

ಸಹಿ/-
(ಓದಲಾಗುವುದಿಲ್ಲ)
ದಿನಾಂಕಾಧಿಕಾರಿ

ಪ್ರತಿಗಳು:
1. ಮಹಾಬಲ ಅವರಿಗೆ, ಹೊಸ ಕೆಂಪು ಪೆನ್ನಿನೊಂದಿಗೆ.
2. ಮಶೂದ್ ಅವರಿಗೆ, ಭಾನುವಾರವನ್ನು ಹಿಂದಿರುಗಿಸುವಂತೆ.
3. ಅದೇ ತಾರೀಕು ಹಿಡಿದು ಆಲಂಕಾರು, ಕಲ್ಲುಗುಂಡಿಯಿಂದ ಬಂದು ಮನೋರಮಾ ಅವರ ಮೇಜಿನ ಮುಂದೆ ಸಾಲು ನಿಂತಿರುವ ನಲವತ್ತೊಂದು ಅರ್ಜಿದಾರರಿಗೆ, ಅವರಿಗೆ ಗೊತ್ತಾಗದಂತೆ.