ಬಿಳಿ ಕರಡಿಗಾಗಿ ಒಲೆ ಆರಿಸಿದ್ದು

ಪ್ರಪಂಚವನ್ನು ಉಳಿಸಲು ಹೊರಟ ಗಂಡಸಿಗೆ ಮೊದಲ ವಿರೋಧ ಪಕ್ಷ ಅವನ ಮನೆಯಲ್ಲೇ ಇರುತ್ತದೆ. ನನ್ನ ಮನೆಯಲ್ಲಿ ಆ ಪಕ್ಷದ ಹೆಸರು ಡೋಬ್ರಿಂಕಾ. (ಇದನ್ನು ಅವಳು ಓದುತ್ತಾಳೆಂಬ ಭಯವಿಲ್ಲ. ನಾನು ಬರೆದದ್ದನ್ನು ಓದುವಷ್ಟು ಬಿಡುವು ತನಗಿಲ್ಲವೆಂದು ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದಾಳೆ.)

ನಾನು ಇಗ್ನಾಟ್. ದಾನ್ಯೂಬ್ ನದಿಯ ದಡದಲ್ಲಿರುವ ರೂಸೆ ಎಂಬ ಊರಿನ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಎಂಟು ಮಹಡಿಯ ಹಳೇ ಕಾಂಕ್ರೀಟು ಕಟ್ಟಡದ ಐದನೇ ಮಹಡಿಯಲ್ಲಿ, ನಟ್ಟನಡುವೆ, ನಮ್ಮ ಮನೆ. ನವೆಂಬರಿನ ಒಂದು ದಿನ ಮಕ್ಕಳಿಗೆ ಧ್ರುವಪ್ರದೇಶದ ಪಾಠ ಮಾಡುತ್ತ, ಕರಗುವ ಮಂಜುಗಡ್ಡೆಯ ಮೇಲೆ ಮರಿಯೊಡನೆ ನಿಂತ ಬಿಳಿ ಕರಡಿಯ ಚಿತ್ರ ತೋರಿಸಿದೆ. ಕಿಟಕಿಯಾಚೆ, ಊರಿನ ಮನೆಗಳಿಗೆಲ್ಲ ಬಿಸಿನೀರು ಕಾಯಿಸಿ ಕೊಳವೆಯಲ್ಲಿ ಕಳಿಸುವ ಸ್ಥಾವರದ ಚಿಮಣಿ ಹೊಗೆ ಬಿಡುತ್ತಿತ್ತು. ಆ ಹೊಗೆಯಲ್ಲಿ ನನ್ನದೂ ಒಂದು ಪಾಲಿದೆಯಲ್ಲ! ಮನೆಗೆ ಬಂದವನೇ ಕೋಟು ಕೂಡ ಬಿಚ್ಚದೆ ಆ ಬಿಸಿನೀರು ಹರಿದು ಮನೆ ಕಾಯಿಸುವ ಕಬ್ಬಿಣದ ರೇಡಿಯೇಟರುಗಳ ತಿರುಪನ್ನು ಮೂರು ಕೋಣೆಗಳಲ್ಲೂ ಭದ್ರವಾಗಿ ಮುಚ್ಚಿದೆ.

"ಏನ್ರೀ ಮಾಡ್ತಿದೀರಾ?"

"ಭೂಮಂಡಲದ ತಾಪ ಇಳಿಸ್ತಿದೀನಿ."

"ಮೊದ್ಲು ನಿಮ್ಮ ತಲೇದು ಇಳಿಸ್ಕೊಳ್ಳಿ! ಡಿಸೆಂಬರ್ ಇಪ್ಪತ್ತಕ್ಕೆ ನಿಮ್ಮ ಹೆಸರಿನ ಹಬ್ಬ. ಮೊದ್ಲು ಬಂದೋರ ಕೈಗೆ ತಣ್ಣನೆ ಕಬ್ಬಿಣ ಮುಟ್ಟಿಸ್ತೀರಾ?"

ಅವಳ ಆತಂಕಕ್ಕೆ ಕಾರಣವಿತ್ತು. ಸಂತ ಇಗ್ನಾಟನ ದಿನ, ಆ ಸಂತನ ಹೆಸರಿಟ್ಟುಕೊಂಡ ನನ್ನಂಥವರ ಮನೆಗೆ ಕರೆಯದೆಯೇ ಜನ ಬರುತ್ತಾರೆ. ಮೊದಲು ಹೊಸ್ತಿಲು ದಾಟಿದವರು ಒಲೆಯ ಬೆಂಕಿ ಕೆದಕಿ ಹರಸಬೇಕು. ಅವರ ಬಾಯಲ್ಲಿ ಬಂದದ್ದೇ ಮನೆಯ ವರ್ಷದ ಭಾಗ್ಯ. ಕಾಂಕ್ರೀಟು ಮನೆಯಲ್ಲಿ ಕೆದಕಲು ಒಲೆ ಎಲ್ಲಿದೆ? ಅದಕ್ಕೇ ಡೋಬ್ರಿಂಕಾ ರೇಡಿಯೇಟರಿನ ಮೇಲೆ ಕೈ ಇಡಿಸಿ ಶಾಸ್ತ್ರ ಮುಗಿಸುತ್ತಾಳೆ. ಈ ಸಲವಂತೂ ವಾರ್ನಾದಲ್ಲಿರುವ ನಮ್ಮ ಮಗಳು ಬಸುರಿ, ಮಾರ್ಚಿಗೆ ಹೆರಿಗೆ. ಹರಸುವ ಮಾತು ಸರಿಯಾಗಿ ಬೀಳಲೇಬೇಕೆಂದು ಇವಳಿಗೆ ಅಕ್ಟೋಬರಿನಿಂದಲೇ ಜೀವ ಕೈಯಲ್ಲಿ ಹಿಡಿದಂತಾಗಿತ್ತು.

"ಮನೆ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿದ್ರೆ ಎಲ್ಲರ ಮುಂದೆ ನಾನೇ ತಿರುಪು ತೆಗೀತೀನಿ, ಸರೀನಾ?" ಎಂದೆ.

ಆಶ್ಚರ್ಯ ನೋಡಿ, ಇಳಿಯಲೇ ಇಲ್ಲ! ಒಂದು ವಾರವಾಯಿತು, ಎರಡು ವಾರವಾಯಿತು. ಹೊರಗೆ ದಾನ್ಯೂಬಿನ ಗಾಳಿ ಕಿವಿ ಕತ್ತರಿಸುತ್ತಿದ್ದರೂ ಗೋಡೆಯ ಥರ್ಮಾಮೀಟರು ಇಪ್ಪತ್ತೊಂದರಲ್ಲಿ ಗೂಟ ಹೊಡೆದು ನಿಂತಿತ್ತು. ಇದು ನನ್ನ ಶಿಸ್ತುಬದ್ಧ ಜೀವನದ ಫಲ, ಜೊತೆಗೆ ಪುಸ್ತಕದ ಕಪಾಟಿನ ಶಾಖ ಎಂದು ನಾನು ಸಿದ್ಧಾಂತ ಮಂಡಿಸಿದೆ. ಡೋಬ್ರಿಂಕಾ ಹಿಟ್ಟಿನ ಪಾತ್ರೆಯನ್ನು ಉಬ್ಬಲೆಂದು ನೆಲದ ಮೇಲೆ ಇಟ್ಟಳು.

"ಮೇಜಿರುವಾಗ ನೆಲ ಯಾಕೆ?"

"ನೆಲ ಬೆಚ್ಚಗಿದೆ, ಅದಕ್ಕೆ."

"ನೆಲ ಹೇಗೆ ತಾನಾಗೇ ಬೆಚ್ಚಗಿರತ್ತೆ?"

"ಭೂಗೋಳದ ಮೇಷ್ಟ್ರು ನೀವು, ನನ್ನ ಕೇಳ್ತೀರಲ್ಲ" ಎಂದು ಹೋದಳು. ಹೆಂಗಸರ ಮೂಢನಂಬಿಕೆ ಎಂದು ನಾನು ಉದಾರವಾಗಿ ಕ್ಷಮಿಸಿದೆ.

ಆಮೇಲೆ ನಾನು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಡಿಸೆಂಬರ್ ಮೊದಲ ವಾರ ಕೆಳಗಿನ ಬಾಗಿಲ ಬಳಿ ನಡೆದ ಕಟ್ಟಡದ ಸಭೆಯಲ್ಲಿ, ಲಿಫ್ಟ್ ರಿಪೇರಿಯ ಚರ್ಚೆಗೆ ಅಡ್ಡ ಬಂದು, ಕರಡಿಯ ಚಿತ್ರ ಎತ್ತಿ ಹಿಡಿದು, ತಿರುಪು ಮುಚ್ಚಿದ ಮೇಲೂ ನನ್ನ ಮನೆ ಇಪ್ಪತ್ತೊಂದು ಡಿಗ್ರಿ ಇದೆಯೆಂದು ಇಪ್ಪತ್ತು ನಿಮಿಷ ಮಾತಾಡಿದೆ. ಮೇಲಿನ ಮನೆಯ ಅತಾನಾಸ್, ಹಡಗಿನ ನಿವೃತ್ತ ಕ್ಯಾಪ್ಟನ್, ಮೀಸೆ ಕುಣಿಸಿ "ಸುಳ್ಳು!" ಎಂದ. "ಬಂದು ನೋಡಿ!" ಎಂದು ಸವಾಲು ಹಾಕಿದೆ. ಎಲ್ಲರೂ ನಮ್ಮ ಮನೆಗೆ ಬಂದು, ಬೂಟು ಬಿಚ್ಚಿ, ಸಾಲಾಗಿ ನಿಂತು ಥರ್ಮಾಮೀಟರಿನ ದರ್ಶನ ಮಾಡಿದರು. ತಣ್ಣಗಿದ್ದ ರೇಡಿಯೇಟರನ್ನು ಮುಟ್ಟಿ ಮುಟ್ಟಿ ನೋಡಿದರು. ಕೆಳಗಿನ ಮನೆಯ ಪೆನಾ ಅಜ್ಜಿಯ ಕಣ್ಣು ಒದ್ದೆಯಾಯಿತು. ಆಕೆಗೆ ಮಂಡಿ ನೋವು. ತನ್ನ ಮನೆಯನ್ನು ರೊಟ್ಟಿ ಸುಡುವ ಗೂಡಿನಂತೆ ಕಾಯಿಸಿಕೊಂಡಿರುವವಳು.

"ನಿನ್ನ ಮನೆ ಬೆಂಕಿಯಿಲ್ದೇ ಇಷ್ಟು ಬೆಚ್ಚಗಿದ್ರೆ ನಂದ್ಯಾಕಿರಲ್ಲ, ಮಗಾ? ಇವತ್ತೇ ಮುಚ್ತೀನಿ" ಎಂದಳು. ಕ್ಯಾಪ್ಟನ್ನನೂ ಮುಚ್ಚಿದ. ಎಡಗಡೆಯವರು, ಬಲಗಡೆಯವರು ಎಲ್ಲರೂ ಮುಚ್ಚಿದರು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಜನ ನನ್ನ ಮಾತು ಕೇಳಿದ್ದರು. ಆನಂದಕ್ಕೆ ರಾಕಿಯಾ ಸಾರಾಯಿ ಕುಡಿದೆ.

ಮೂರನೇ ದಿನ ಥರ್ಮಾಮೀಟರು ಹದಿನೆಂಟು ತೋರಿಸಿತು. ಐದನೇ ದಿನ ಹದಿನೈದಾಯಿತು. ವಾರ ಕಳೆಯುವಷ್ಟರಲ್ಲಿ ಹನ್ನೆರಡು! ಹಿಟ್ಟು ಉಬ್ಬಲಿಲ್ಲ, ಡೋಬ್ರಿಂಕಾಳ ಮುಖ ಮಾತ್ರ ಉಬ್ಬಿತು. "ಇಪ್ಪತ್ತಕ್ಕಿಂತ ಇಳಿದಿದೆ, ತೆಗೀರಿ ತಿರುಪು" ಎಂದಳು. ಎಲ್ಲರ ಕೈಲೂ ಮುಚ್ಚಿಸಿದ ಪ್ರವಾದಿ ತಾನೇ ತೆರೆಯುವುದುಂಟೆ? ಟೋಪಿ ಹಾಕಿಕೊಂಡು ಮಲಗಿದೆ. ಆಗ ಮಾತ್ರ, ಕೊನೆಗೂ, ಭೂಗೋಳದ ಮೇಷ್ಟ್ರ ತಲೆಗೆ ತನ್ನ ನೆಲದ ಕೆಳಗೂ ಒಂದು ಭೂಭಾಗವಿದೆ ಎಂಬುದು ಹೊಳೆಯಿತು. ಮರುದಿನವೇ ಮೆಲ್ಲಗೆ ಪೆನಾ ಅಜ್ಜಿಯ ಬಾಗಿಲು ತಟ್ಟಿದೆ. ಆಕೆ ಮೂರು ಸ್ವೆಟರು, ಎರಡು ಶಾಲು ಹೊದ್ದು ಬಂದಳು.

"ಅಜ್ಜೀ, ನಿಮ್ಮ ಮಂಡಿ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ. ನೀವಾದ್ರೂ ರೇಡಿಯೇಟರ್ ಹಾಕ್ಕೊಳ್ಳಿ."

"ಮಂಡಿ ಹಾಳಾಗ್ಲಿ ಬಿಡು! ಆ ಕರಡಿ ಮರಿ ಗತಿ ಏನು?"

"ಮರಿ ದೊಡ್ಡದಾಗಿರತ್ತೆ ಅಜ್ಜಿ ಇಷ್ಟೊತ್ತಿಗೆ..."

"ಛೀ, ನನ್ನ ಪರೀಕ್ಷೆ ಮಾಡ್ತೀಯಾ?" ಎಂದು ನಕ್ಕು ಬಾಗಿಲು ಹಾಕಿಕೊಂಡಳು.

ಹಬ್ಬದ ದಿನ ಬಂತು. ಮನೆಯೊಳಗೆ ಹನ್ನೊಂದು ಡಿಗ್ರಿ. ಮೇಜಿನ ಮೇಲೆ ಕುಂಬಳಕಾಯಿ ತುಂಬಿ ಸುಟ್ಟ ಬಾನಿತ್ಸಾ ರೊಟ್ಟಿ ಆರಿ ಹಲಗೆಯಾಗುತ್ತಿತ್ತು. ಡೋಬ್ರಿಂಕಾ ಕೋಟು ತೊಟ್ಟು ಮೂಲೆಯಲ್ಲಿ ಕೂತು, ನನ್ನ ಕಡೆ ನೋಡದೆ, ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಮಾನ ದೊಡ್ಡದಲ್ಲವೇ? ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದೊಡನೆ ಥರ್ಮಾಮೀಟರನ್ನು ಗೋಡೆಯಿಂದ ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಬಾಗಿಲು ಬಡಿದಾಗ ಗಡಿಬಿಡಿಯಲ್ಲಿ ಅದನ್ನು ಮೊಳೆಗೆ ನೇತುಹಾಕಿದೆ.

ಮೊದಲು ಒಳಗೆ ಬಂದವಳು ಪೆನಾ ಅಜ್ಜಿ. ಹಿಂದೆ ಕ್ಯಾಪ್ಟನ್ನನೂ ಅಕ್ಕಪಕ್ಕದವರೂ ಬಂದರು. ಅಜ್ಜಿ ರೇಡಿಯೇಟರಿನ ಮೇಲೆ ಕೈಯಿಟ್ಟು, "ಈ ಒಲೆ ಹೇಗಿದೆಯೋ ಈ ಮನೆ ವರ್ಷವೂ ಹಾಗೇ..." ಎಂದವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಹಂಗೇ ನಿಲ್ಸಬೇಡಿ ಅಜ್ಜೀ!" ಡೋಬ್ರಿಂಕಾ ಚೀರಿದಳು.

"ಒಲೆ ತಣ್ಣಗಿದ್ರೇನು, ಥರ್ಮಾಮೀಟರ್ ನೋಡಿ!" ಎಂದೆ ನಾನು.

ಕ್ಯಾಪ್ಟನ್ ಕನ್ನಡಕ ಏರಿಸಿ ಓದಿದ. "ಮೂವತ್ನಾಲ್ಕು."

ಬಾಯಿಂದ ಹಬೆ ಬಿಡುತ್ತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಡಮನೆಯಾತ ಮರ್ಯಾದೆಗಾಗಿ ಕೋಟಿನ ಗುಂಡಿ ಬಿಚ್ಚತೊಡಗಿದ. ಪೆನಾ ಅಜ್ಜಿ ನೇರ ಬಂದು ನನ್ನ ಮೂಗು ಹಿಡಿದಳು. ಅದು ಮಂಜುಗಡ್ಡೆಯಾಗಿತ್ತು.

"ನಾನು ಮುಚ್ಚಿದ ದಿನದಿಂದ ನಿಂಗೆ ಚಳಿ, ಅಲ್ವೇನೋ? ಮೊನ್ನೆ ನನ್ನ ಮಂಡಿ ವಿಚಾರಿಸ್ಕೊಂಡು ಬಂದಾಗ್ಲೇ ಅನುಮಾನ ಬಂತು."

"ಅಂದ್ರೆ," ಕ್ಯಾಪ್ಟನ್ ನಿಧಾನವಾಗಿ ಬೆರಳು ಮಡಿಸಿದ, "ಕೆಳಗೆ ಅಜ್ಜಿ, ಮೇಲೆ ನಾನು, ಎಡಕ್ಕೆ ಇವರು, ಬಲಕ್ಕೆ ಅವರು... ನಾವೆಲ್ಲ ಕಾಯಿಸ್ತಿದ್ವಿ, ಇವನು ಭಾಷಣ ಮಾಡ್ತಿದ್ದ!"

"ಕೊಟ್ಟ ಮಾತು ನೆನಪಿದೆಯಾ?" ಎಂದಳು ಡೋಬ್ರಿಂಕಾ.

ಎಲ್ಲರ ಮುಂದೆ ಮಂಡಿಯೂರಿ ತಿರುಪು ತೆಗೆದೆ. ಕೊಳವೆ ಗೊರಗೊರ ಎಂದಿತು. ಅಜ್ಜಿ ಅಲ್ಲೇ ಸ್ಟೂಲು ಹಾಕಿ ಕೂತು, ಕಬ್ಬಿಣ ಕಾದ ಮೇಲೇ ಪೂರ್ತಿ ಹರಸಿದಳು. ಮಗಳಿಗೆ, ಮೊಮ್ಮಗುವಿಗೆ, ಕರಡಿಗೂ ಸೇರಿಸಿ. ಡೋಬ್ರಿಂಕಾ ಅವಳನ್ನು ತಬ್ಬಿಕೊಂಡು ಅತ್ತಳು. ನನ್ನನ್ನು ಯಾರೂ ತಬ್ಬಲಿಲ್ಲ.

ಬಾನಿತ್ಸಾ ತಿನ್ನುತ್ತಲೇ ಸಭೆ ಸೇರಿ ತೀರ್ಪೂ ಆಯಿತು. ಈ ಚಳಿಗಾಲ ಮುಗಿಯುವವರೆಗೆ ನಮ್ಮ ಸುತ್ತಲಿನ ನಾಲ್ಕು ಮನೆಯವರು ಕರಡಿಗಾಗಿ ತಿರುಪು ಮುಚ್ಚಿಯೇ ಇಡುತ್ತಾರೆ. ಇಗ್ನಾಟ್ ಒಬ್ಬನೇ ತನ್ನ ಮೂರು ಕೋಣೆಗಳದ್ದನ್ನೂ ಪೂರ್ತಿ ತೆರೆದಿಡುತ್ತಾನೆ. ಈಗ ಜನವರಿ. ಬನಿಯನ್ ತೊಟ್ಟು, ಬೆವರು ಒರೆಸಿಕೊಳ್ಳುತ್ತ ಇದನ್ನು ಬರೆಯುತ್ತಿದ್ದೇನೆ. ಕೆಳಗಿನಿಂದ ಪೆನಾ ಅಜ್ಜಿ ಕೊಳವೆಗೆ ಸೌಟಿನಿಂದ ಟಣ್ ಟಣ್ ಎಂದು ಬಾರಿಸುತ್ತಿದ್ದಾಳೆ.

"ರೀ, ಅಜ್ಜಿಗೆ ಚಳಿಯಂತೆ," ಅಡುಗೆಮನೆಯಿಂದ ಡೋಬ್ರಿಂಕಾ ಕೂಗಿದಳು, "ಸ್ನಾನದ ಮನೇದೂ ತೆಗೀರಿ!"