ಪಾಚಿಗೆ ಉಡಿ ತುಂಬಿದ್ದು

ಸಕ್ರಪ್ಪನ ಫಜೀತಿಗೆಲ್ಲ ಮೂಲ ಆ ಚೀಲದ ಹಸಿರು ಬಣ್ಣ. ಬೇರೆ ಬಣ್ಣದ ಬಲೆಚೀಲ ಗದಗಿನ ಪೇಟೆಯಲ್ಲಿ ಅಂದು ಸಿಕ್ಕಿರಲಿಲ್ಲ.

ಅವನು ಅಲ್ಲಿನ ಕಾಲೇಜೊಂದರ ಹಂಗಾಮಿ ಜವಾನ. ವಿಜ್ಞಾನ ಕಲಿಸುವ ಅಂದಪ್ಪ ಮಾಸ್ತರರಿಗೆ, ತುಂಗಭದ್ರೆಗೆ ಮೇಲಿನ ಯಾವುದೋ ಕಾರ್ಖಾನೆ ವಿಷ ಬಿಡುತ್ತಿದೆ ಎಂಬ ಗುಮಾನಿ. ನೀರೊಳಗಿನ ಪಾಚಿ ಹೊಲಸನ್ನೆಲ್ಲ ಹೀರಿ ಮೈಯಲ್ಲೇ ಇಟ್ಟುಕೊಳ್ಳುತ್ತದಂತೆ. ಶುದ್ಧ ಪಾಚಿಯನ್ನು ಚೀಲದಲ್ಲಿ ತುಂಬಿ ಹೊಳೆಗೆ ಇಳಿಬಿಟ್ಟು, ಕೆಲವು ವಾರ ಬಿಟ್ಟು ತಂದು ಪರೀಕ್ಷಿಸಿದರೆ ಗುಟ್ಟು ರಟ್ಟು.

"ಮನಷ್ಯಾ ಸುಳ್ಳ ಹೇಳ್ತಾನ, ಪಾಚಿ ಹೇಳಂಗಿಲ್ಲ. ಚೀಲ ತಂದಿ ಅಂದ್ರ ನಿನ್ನ ನೌಕರಿ ಕಾಯಂ. ಕಳದಿ ಅಂದ್ರ ಮನಿಗೆ ಹೋಗು" ಎಂದಿದ್ದರು ಮಾಸ್ತರರು.

ಮನೆ ಎಂದರೆ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವ ಅತ್ತೆ ಬಸವಣ್ಣೆವ್ವನ ಮನೆ. ರಜೆಯ ದಿನ ಮನೆಯಳಿಯನೂ ಬಣ್ಣದ ಹಂಡೆಗೆ ಕೈ ಹಾಕಬೇಕು. ಸಕ್ರಪ್ಪನಿಗೆ ಹೊಳೆಯ ವಿಷಕ್ಕಿಂತ ಅತ್ತೆಯ ನಾಲಿಗೆಯ ಭಯವೇ ಹೆಚ್ಚು.

ಕೆಲವು ವಾರಗಳ ಹಿಂದೆ ತಾನೇ ಚೀಲ ಕಟ್ಟಿ ಬಂದಿದ್ದ, ಮುಂಡರಗಿಯಿಂದಾಚೆಯ ಹೊಳೆದಂಡೆಗೆ ಹೋಗಿ ನೋಡಿದರೆ ಗೂಟವಿದೆ, ಚೀಲವಿಲ್ಲ. ಹರಿಗೋಲಿನ ಮಹಬೂಬಸಾಬ ಬೀಡಿ ಸೇದುತ್ತ ಕೂತಿದ್ದ.

"ಸಾಬರ, ಇಲ್ಲಿ ಕಟ್ಟಿದ್ದ ಚೀಲ ಎಲ್ಲೈತ್ರಿ?"

"ನಿಮ್ದೇನ್ರಿ ಅದು? ಏ ಮರಿಯವ್ವಾ, ಉಡಿ ಕಟ್ಟಿದವರು ಬಂದಾರ ನೋಡ!"

ಬಟ್ಟೆ ಒಗೆಯುತ್ತಿದ್ದ ಮರಿಯವ್ವ ಎದ್ದು ಬಂದವಳೇ ಬೈಯಲು ಶುರುಮಾಡಿದಳು. "ಏನ್ರಿ ಯಪ್ಪಾ, ಗಂಗವ್ವಗ ಹಸರ ಉಡಿ ಕಟ್ಟಿ, ಅರಿಷಿಣ ಕುಂಕುಮ ಇಲ್ದ ಹಂಗ ಹೋಗೂದ? ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು? ನಾವ ಮುತ್ತೈದೇರು ಕೂಡಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಲ ಹಾಕಿ ಪೂರಾ ತುಂಬಿದ್ವಿ."

"ಈಗ ಎಲ್ಲೈತಿ ಯವ್ವಾ?"

"ತುಂಬಿದ ಉಡಿ ಯಾರರ ಗೂಟಕ್ಕ ಕಟ್ಟಿ ಇಡ್ತಾರೇನ್ರಿ? ಹೊಳಿಗೆ ಬಿಟ್ವಿ."

"ದಂಡಿಗೆ ಬಿಟ್ರ ದನಾ ತಿಂತಾವಂತ ನಾನ ನಡುಹೊಳಿಗೆ ಒಯ್ದು ಬಿಟ್ಟೆ. ಬಾಡಿಗಿ ಬ್ಯಾಡ್ರಿ, ದೇವರ ಕೆಲಸ" ಎಂದ ಮಹಬೂಬಸಾಬ.

ಅಳುವುದೋ ಕೈಮುಗಿಯುವುದೋ ತಿಳಿಯದೆ ಸಕ್ರಪ್ಪ ಎರಡನ್ನೂ ಮಾಡಿದ. ಎಂಥ ಭಕ್ತಿ ಎಂದು ಮರಿಯವ್ವನ ಕಣ್ಣೂ ತುಂಬಿ ಬಂತು. ಉಳಿದಿದ್ದ ಕೊಬ್ಬರಿ ಚೂರನ್ನು ಅವನ ಕೈಗಿಟ್ಟಳು.

ಅದನ್ನೇ ಅಗಿಯುತ್ತ ಸಂಜೆ ಮನೆಗೆ ಬಂದವನಿಗೆ ಹಿತ್ತಲ ಬಾವಿಯ ಮೆಟ್ಟಿಲಲ್ಲಿ ಹುಲುಸಾಗಿ ಬೆಳೆದ ಪಾಚಿ ಕಂಡಿತು. ಮನೆಮಂದಿಯೆಲ್ಲ ಕುಡಿಯುವ ನೀರು. ಹೊಳೆ ಶುದ್ಧ ಎಂದು ಬಂದರೆ ಯಾರ ಗಂಟು ಹೋಗುತ್ತದೆ? ಇನ್ನೊಂದು ಹಸಿರು ಚೀಲ ಕೊಂಡು, ಪಾಚಿ ಕೆರೆದು ತುಂಬಿ, ಬೆಳಿಗ್ಗೆ ಮಾಸ್ತರರ ಮೇಜಿನ ಮೇಲಿಟ್ಟ.

ಮಧ್ಯಾಹ್ನ ಮಾಸ್ತರರು ಕುಣಿಯುತ್ತಲೇ ಹೊರಗೆ ಬಂದರು.

"ಸಕ್ರಪ್ಪಾ, ನಿನ್ನ ನೌಕರಿ ಕಾಯಂ! ಇಷ್ಟ ವಿಷ ನಾ ಜಲ್ಮದಾಗ ಕಂಡಿಲ್ಲ. ತಾಮ್ರ ಐತಿ, ಕ್ರೋಮಿಯಂ ಐತಿ. ಇದು ಕಾರ್ಖಾನಿದಲ್ಲಲೇ, ನೂಲಿನ ಬಣ್ಣದ್ದು. ಯಾವನೋ ಕಳ್ಳ ಬಣ್ಣದ ನೀರ ಬಿಡಾಕ ಹತ್ಯಾನ!"

ಮನೆಯಿಂದ ತಂದ ನೀರಿನ ತಂಬಿಗೆಯನ್ನು ಬಾಯಿಗೆ ಎತ್ತಿದ್ದ ಸಕ್ರಪ್ಪ ಹಾಗೇ ಕೆಳಗಿಟ್ಟ.

"ಕಾಯಂ ಆದ ಮ್ಯಾಲೆ ನಿನ್ನ ಮೊದಲನೇ ಕೆಲಸ ಇದ. ಆ ಬಣ್ಣದ ಮನಿ ಹುಡಕು, ಬಾಗಲಾ ಹಾಕಸೋಣ. ಗುರ್ತು ಸರಳ ಐತಿ, ಅವರ ಉಗುರಿನ ನೀಲಿ ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ."

"ಆತ್ರಿ ಸರ" ಎಂದ ಸಕ್ರಪ್ಪ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.