ಒಂದೇ ಸಲದ ಮದ್ದು

ನಮ್ಮ ಸೋದರಮಾವ ಮನೆಗೆ ಬಂದ ಯಾರಿಗೂ ಮೊದಲನೆಯ ದಿನವೇ ಸರಿಯಾದ ಕಾಫಿ ಕೊಟ್ಟವರಲ್ಲ. ಜಿಪುಣರು ಅಂದುಕೊಳ್ಳಬೇಡಿ. ಒಂಟಿಕೊಪ್ಪಲಿನ ಆ ಮನೆಯಲ್ಲಿ ಹಾಲಿಗೆ, ಸಕ್ಕರೆಗೆ, ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಧೈರ್ಯಕ್ಕೆ! ನೆಂಟರಿಗೆಂದು ಹೊಸ ಕಾಫಿಪುಡಿ ತಂದರೆ ಅಂಗಡಿಯವರು ಹೇಳಿದ ಅಳತೆಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಿಂದ ಶುರು ಮಾಡಬೇಕು, ದಿನಕ್ಕೆ ಚೂರುಚೂರೇ ಏರಿಸಬೇಕು, ನಾಲಿಗೆ ಕಹಿ ಎಂದ ದಿನ ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಇದು ಅವರ ಶಾಸ್ತ್ರ. ಎಂಟನೆಯ ದಿನಕ್ಕೆ ಆ ಕಾಫಿ ಅಮೃತವೇ ಸರಿ. ಆದರೆ ಎಂಟು ದಿನ ಕಾಯುವ ನೆಂಟರು ಯಾರಿದ್ದಾರೆ? ಬಹಳ ಜನ ಎರಡನೆಯ ದಿನದ ಕಾಫಿ ಕುಡಿದೇ ಊರು ಸೇರಿದರು.

ಶಾಸ್ತ್ರ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ. ಇಷ್ಟು ಅಂಜುವ ನಮ್ಮ ಮಾವನ ಬಳಿ ಒಂದು ರೈಫಲ್ ಇತ್ತು. ಅದರಿಂದ ಅವರು ಒಂದು ಗುಬ್ಬಿಯನ್ನೂ ಹೊಡೆದವರಲ್ಲ. ಭಾನುವಾರ ಊರಾಚೆಯ ಮೈದಾನಕ್ಕೆ ಹೋಗಿ, ಕಾಗದದ ಮೇಲೆ ಬರೆದ ವೃತ್ತಗಳಿಗೆ ಗುರಿಯಿಟ್ಟು ಬರುತ್ತಿದ್ದರು. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಜೀವಮಾನವೆಲ್ಲ ತೂಕ ಮಾಡಿ ನಿವೃತ್ತರಾದವರು. ಅಂಗಡಿಯ ತೋಟಾಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾಕ್ಕೆ ಬುಡದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಸೀಸದ ಗುಂಡು ಒತ್ತಿ, ತಾವೇ ತಯಾರಿಸಿಕೊಳ್ಳುತ್ತಿದ್ದರು. ಅದಕ್ಕೆ ಸರ್ಕಾರ ಕೊಟ್ಟ ಪರವಾನಗಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದು ತೂಗುಹಾಕಿದ್ದರು. ನಮ್ಮತ್ತೆ, ಇರಲಿ ಪಾಪ ಎಂದು, ಅದಕ್ಕೂ ಒಂದು ಹೂ ಮುಡಿಸುತ್ತಿದ್ದರು.

ನಮ್ಮ ಭಾಷೆಯೂ ಅವರೊಡನೆ ಕೂಡಿಕೊಂಡು ತಮಾಷೆ ಮಾಡಿತು. ಕೋವಿಗೆ ಹಾಕುವುದೂ ಮದ್ದು, ಕೆಮ್ಮಿಗೆ ಕುಡಿಯುವುದೂ ಮದ್ದು, ಆಗದವರಿಗೆ ಅನ್ನದಲ್ಲಿ ಬೆರೆಸಿ ಇಕ್ಕುವರು ಎನ್ನುವುದೂ ಮದ್ದೇ. ಒಮ್ಮೆ ಮಾವ ಜಗುಲಿಯಿಂದ ಅತ್ತೆಗೆ, ಹೋದ ವಾರ ಮದ್ದು ಜಾಸ್ತಿಯಾಗಿತ್ತು, ಈ ವಾರ ಕಮ್ಮಿ ಹಾಕುತ್ತೇನೆ ಎಂದದ್ದು ಪಕ್ಕದ ಮನೆಯ ಹೊಸ ಬಾಡಿಗೆಯವರ ಕಿವಿಗೆ ಬಿತ್ತು. ಆಮೇಲೆ ಒಂದು ತಿಂಗಳು ಆ ಮನೆಯವರು ಅತ್ತೆಯನ್ನು ಕಂಡಾಗಲೆಲ್ಲ ಊಟಕ್ಕೆ ನಮ್ಮಲ್ಲಿಗೇ ಬನ್ನಿ ಎನ್ನುತ್ತಿದ್ದರು. ಅತ್ತೆ ಎರಡು ಸಲ ಹೋಗಿ ಉಂಡೂ ಬಂದರು!

ಮದ್ದು ಎಷ್ಟು ಹಾಕಬೇಕು ಎಂಬುದೇ ಅವರ ಪಾಲಿಗೆ ಅಧ್ಯಾತ್ಮ. ಮದ್ದು ಮಾಡಿದವರು ಅಚ್ಚು ಹಾಕಿಸಿದ ಪುಸ್ತಕವೇ ಪ್ರಮಾಣ. ಸ್ನೇಹಿತರ ಬಾಯಿಮಾತು ಪ್ರಮಾಣವಲ್ಲ. ಅದರಲ್ಲಿ ಕೊಟ್ಟ ಮೇಲಿನ ಮಿತಿ ಮುಟ್ಟುವುದಕ್ಕಲ್ಲ, ದೂರದಿಂದ ನಮಸ್ಕಾರ ಮಾಡುವುದಕ್ಕೆ. ಹೊಡೆದ ಮೇಲೆ ಪ್ರತಿ ಖಾಲಿ ತೋಟಾದ ಕೇಪನ್ನು ಭೂತಗನ್ನಡಿಯಲ್ಲಿ ನೋಡುವರು. ಕೇಪು ಚಪ್ಪಟೆಯಾಗಿದ್ದರೆ, ಮದ್ದು ಹೆಚ್ಚಾಯಿತೆಂದು ರೈಫಲ್ ಬೈಯುತ್ತಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ ಹಿಂದೆ ಬರಬೇಕು. ಮಂಡಿ ಮೊಹಲ್ಲಾದಲ್ಲಿ ಬೀಗ, ಕೋವಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬರು ಇವರ ಗೆಳೆಯರು. ಒಮ್ಮೆ ಅವರಿಗೆ ಬೇಸರ ಬಂದಿತು.

“ಇನ್ನೊಂದು ಚೂರು ಹಾಕಿ ಸಾರ್. ಏನೂ ಆಗಲ್ಲ.”

“ಏನೂ ಆಗಲ್ಲ ಅನ್ನೋದನ್ನ ತಕ್ಕಡೀಲಿಟ್ಟು ತೋರ್ಸು ಮಾರಾಯ. ಆಮೇಲೆ ಹಾಕ್ತೀನಿ.”

ಮಿಸ್ತ್ರಿ ಟೀ ತರಿಸಿದರು. ಮಾವ ಅರ್ಧ ಲೋಟ ಸಾಕು ಎಂದರು.

ಮದ್ದು ತುಂಬುವ ಕೋಣೆಯ ಕಟ್ಟಳೆ ಇನ್ನೂ ಕಠಿಣ. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದರೆ ಒಳಗೆ ಯಾರೂ ಮಾತಾಡಬಾರದು. ಮರದ ಹಲಗೆಯಲ್ಲಿ ಐವತ್ತು ಕುಳಿ, ಐವತ್ತು ಖಾಲಿ ತೋಟಾ, ಎಲ್ಲವೂ ಬೋರಲು. ಒಂದನ್ನು ಎತ್ತಿ, ತುಂಬಿ, ಬಾಯಿ ಮೇಲಾಗಿ ನಿಲ್ಲಿಸಬೇಕು. ಬೋರಲಿದ್ದರೆ ಖಾಲಿ, ಅಂಗಾತವಿದ್ದರೆ ತುಂಬಿದೆ. ಕೊನೆಗೆ ಟಾರ್ಚು ಬಿಟ್ಟು ಐವತ್ತರ ಒಳಗೂ ಮದ್ದು ಒಂದೇ ಮಟ್ಟಕ್ಕಿದೆಯೇ ಎಂದು ಇಣುಕಬೇಕು. ಆ ಕೋಣೆಯಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂರಲು ಅಪ್ಪಣೆಯಿದ್ದದ್ದು ನನಗೊಬ್ಬಳಿಗೇ. ಒಂದು ದಿನ ನಾನು ಸೀನಿದೆ. ಮಾವ ಅದುವರೆಗೆ ತುಂಬಿದ್ದ ಮೂವತ್ತೆಂಟನ್ನೂ ಡಬ್ಬಿಗೆ ಮರಳಿ ಸುರಿದು ಮೊದಲಿನಿಂದ ಶುರು ಮಾಡಿದರು. ಆಮೇಲೆ ಲಕ್ಷ್ಮೀಪುರಂನ ನಮ್ಮ ಮನೆಯಿಂದ ಹೊರಡುವಾಗಲೇ ಸೀನಿ ಮುಗಿಸಿಕೊಂಡು ಹೋಗುವುದನ್ನು ಕಲಿತೆ.

ವಯಸ್ಸಾಗಿ ಭುಜ ನೋಯತೊಡಗಿದಾಗ ಅವರು ಬೇರೊಂದು ಮದ್ದಿಗೆ ಬದಲಾಯಿಸಿದರು. ಪುಸ್ತಕದಲ್ಲಿ ಅದಕ್ಕೇ ಕೊಟ್ಟಿದ್ದ ಸಣ್ಣ ಅಳತೆ, ಮೆತ್ತಗಿನ ಏಟು. ಹಾಗಾದರೆ ಇನ್ನು ಭಯವಿಲ್ಲ ಎಂದೆ. ಮಾವ ತಲೆಯಾಡಿಸಿದರು.

“ಈಗಲೇ ಕಣಮ್ಮ ಭಯ. ತುಂಬ ಹಾಕಿದ್ರೆ, ಮರೆತು ಅದಕ್ಕೇ ಎರಡನೇ ಸಲ ಹಾಕೋವಾಗ ಚೆಲ್ಲುತ್ತೆ, ಗೊತ್ತಾಗುತ್ತೆ. ಕಮ್ಮಿ ಹಾಕಿದ್ರೆ ಇನ್ನೊಂದ್ಸಲಕ್ಕೂ ಜಾಗ ಇರುತ್ತೆ.”

ಎರಡು ಸಲ ಮದ್ದು ಬಿದ್ದ ತೋಟಾ ಹೊಡೆದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಅವರು ಬಲಗೆನ್ನೆಯ ಮೇಲೆ, ರೈಫಲ್ ಒರಗುವ ಜಾಗದಲ್ಲಿ, ಅಂಗೈಯಿಟ್ಟು ತೋರಿಸಿದರು.

ಆ ವರ್ಷವೇ ಅತ್ತೆಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ದಿನಕ್ಕೆ ಅರ್ಧ ಮಾತ್ರೆ. ಅದಕ್ಕಿಂತ ಹೆಚ್ಚಾದರೆ ಎದೆಬಡಿತವೇ ತಾಳ ತಪ್ಪಬಹುದು ಎಂದು ಡಾಕ್ಟರು ಒತ್ತಿ ಹೇಳಿದರು. ಇಂಥ ಕೆಲಸ ನಮ್ಮ ಮಾವನಿಗಲ್ಲದೆ ಇನ್ಯಾರಿಗೆ? ಬ್ಲೇಡಿನಿಂದ ಮಾತ್ರೆ ಕತ್ತರಿಸಿ, ಎರಡು ಅರ್ಧಗಳನ್ನೂ ಮದ್ದಿನ ತಕ್ಕಡಿಯಲ್ಲಿ ತೂಗಿ, ಹೆಚ್ಚಿದ್ದರ ಅಂಚು ಕೆರೆದು, ಬೆಳಿಗ್ಗೆ ಏಳಕ್ಕೆ ಅಂಗೈಯಲ್ಲಿಟ್ಟುಕೊಂಡು ಬರುತ್ತಿದ್ದರು. ಪ್ರಪಂಚದಲ್ಲಿ ಯಾವ ಹೆಂಡತಿಯೂ ಇಷ್ಟು ನಿಖರವಾದ ಅರ್ಧ ನುಂಗಿರಲಾರಳು. ವಾರದ ಮಾತ್ರೆ ಹಾಕಿಡುವ ಡಬ್ಬಿಯೊಂದನ್ನು ನಾನು ತಂದುಕೊಟ್ಟೆ. ಐವತ್ತಿದ್ದರೆ ಎಣಿಸಬೇಕು, ಒಂದನ್ನೇನು ಎಣಿಸುವುದು ಎಂದು ಮಾವ ಅದಕ್ಕೆ ಮೊಳೆಗಳನ್ನು ತುಂಬಿಟ್ಟರು.

ಇನ್ನು ಮುಂದಿನದನ್ನು ನೋಡಿದ ಹಾಗೇ ಬರೆಯುತ್ತೇನೆ.

ಅವತ್ತು ಶನಿವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದೆ. ಬಾಗಿಲಿಗೆ ಕೆಂಪು ಬಟ್ಟೆಯಿತ್ತು. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಎಂದಿನಂತೆ ನನ್ನನ್ನು ಹಿಡಿದು ಕೂರಿಸಲಿಲ್ಲ. ಸ್ವಲ್ಪ ಅವರ ಹತ್ತಿರ ಹೋಗಿ ಕೂತಿರು ಎಂದರು. ಹೋಗಿ ಸ್ಟೂಲಿನ ಮೇಲೆ ಕೂತೆ.

ಮಾವ ಎರಡನೆಯ ಸಾಲಿನ ನಾಲ್ಕನೆಯ ತೋಟಾ ಎತ್ತಿ ತುಂಬಿ, ಅಂಗಾತ ನಿಲ್ಲಿಸಿದರು. ಮುಂದಿನದಕ್ಕೆ ಕೈ ಹೋಗಲಿಲ್ಲ. ಕಿಟಕಿಯಾಚೆ ನೋಡಿದರು. ಎಷ್ಟು ಹೊತ್ತು ಎಂದರೆ, ಬೀದಿಯಲ್ಲಿ ಸೊಪ್ಪಿನವಳು ಒಂದು ಸಲ ಕೂಗಿ, ಎರಡನೆಯ ಸಲ ಕೂಗುವಷ್ಟು. ಆಮೇಲೆ ತಿರುಗಿ, ಅದೇ ನಾಲ್ಕನೆಯದನ್ನು ಎತ್ತಿ, ತಕ್ಕಡಿಯಲ್ಲಿ ಮದ್ದನ್ನು ಎಳ್ಳಷ್ಟೂ ತಪ್ಪದಂತೆ ತೂಗಿ, ಅದಕ್ಕೇ ಮತ್ತೊಮ್ಮೆ ಸುರಿದರು.

ನಾನು ಬಾಯಿ ತೆರೆಯಲಿಲ್ಲ. ನನ್ನ ಕಣ್ಣೇ ತಪ್ಪಿರಬೇಕು, ಮಾವ ತಪ್ಪುವವರೇ? ಟಾರ್ಚು ಹೇಗೂ ಹಿಡಿದುಕೊಡುತ್ತದೆ ಎಂದುಕೊಂಡೆ. ಐವತ್ತೂ ಮುಗಿದ ಮೇಲೆ ಟಾರ್ಚು ಬಂತು. ಎರಡನೆಯ ಸಾಲಿನ ಮೇಲೆ ಹಾದಿತು, ನಾಲ್ಕನೆಯದರ ಮೇಲೆ ನಿಂತಿತು. ಟಾರ್ಚು ಮುಂದೆ ಹೋಯಿತು. ಅವರು ಒಂದೊಂದಕ್ಕೂ ಗುಂಡು ಒತ್ತಿ ಮುಚ್ಚತೊಡಗಿದರು. ಮರುದಿನ ಭಾನುವಾರ, ಆ ತೋಟಾ ಅವರ ಕೆನ್ನೆಯ ಪಕ್ಕ ಇರುತ್ತಿತ್ತು. ಅದು ಗೊತ್ತಿದ್ದೂ ಸುಮ್ಮನಿದ್ದೆ.

ಕೆಂಪು ಬಟ್ಟೆ ಬಿಚ್ಚಿದ ಮೇಲೆ ಹೇಳಿದೆ. ಮಾವ ಸಿಟ್ಟಾಗಲಿಲ್ಲ. ಹಿತ್ತಾಳೆಯನ್ನೂ ಗುಂಡನ್ನೂ ಮೊದಲೇ ತೂಗಿ ಜೋಡಿ ಮಾಡುವವರಾದ್ದರಿಂದ ಅವರ ಐವತ್ತೂ ಒಂದೇ ತೂಕ ಇರಬೇಕು. ಒಂದೊಂದಾಗಿ ತೂಗಿದರು. ನಲವತ್ತೊಂಬತ್ತು ಒಂದೇ ತೂಕ. ಒಂದು ಮಾತ್ರ ಹೆಚ್ಚಿತ್ತು, ಸರಿಯಾಗಿ ಒಂದು ಸಲದ ಮದ್ದಿನಷ್ಟು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಆಮೇಲೆ ತಲೆಯೆತ್ತಿದರು.

“ಇವತ್ತು ನಿಮ್ಮತ್ತೆಗೆ ನಾನು ಮದ್ದು ಎಷ್ಟು ಸಲ ಕೊಟ್ಟೆ?”

ನನಗೆ ಹೇಗೆ ಗೊತ್ತಿರಬೇಕು? ಮಾವ ಎದ್ದು ಅಡುಗೆಮನೆಗೆ ಹೋದರು. ಓಡಿದರು ಎನ್ನಬೇಕು, ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆಗೆ ಮುಖ ನೋಡಿಯೇ ತಿಳಿಯಿತು. ಕೈ ಒರೆಸಿಕೊಂಡು, ಗೂಡಿನಿಂದ ಏಲಕ್ಕಿಯ ಹಳೆಯ ಡಬ್ಬಿ ತೆಗೆದು ಮುಂದಿಟ್ಟರು. ಒಳಗೆ ಅರ್ಧ ಮಾತ್ರೆಗಳು, ಅಂಚು ಕೆರೆದವು. ಮಾವ ಬೆಳಿಗ್ಗೆ ಎರಡನೆಯ ಸಲ ಅಂಗೈ ಚಾಚಿಕೊಂಡು ಬಂದಾಗಲೆಲ್ಲ ಅತ್ತೆ ಮಾತ್ರೆ ಬಾಯಿಗೆ ಹಾಕಿದಂತೆ ಮಾಡಿ, ನೀರು ಕುಡಿದು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು.

ಮಾವ ಡಬ್ಬಿಯನ್ನು ಕೋಣೆಗೆ ಒಯ್ದು, ಹಲಗೆಯ ಕುಳಿಗೊಂದರಂತೆ ಜೋಡಿಸಿದರು. ಐವತ್ತರಲ್ಲಿ ಮೂವತ್ತೊಂದು ಕುಳಿ ತುಂಬಿತು.

“ಮೊದಲೇ ಹೇಳಬಾರದಾಗಿತ್ತೇನೇ?” ಎಂದರು.

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. “ನೀವು ಮದ್ದು ಹಾಕೋವಾಗ ಮಾತಾಡಬಾರದಲ್ವಾ?” ಎಂದರು.

ಆ ಮಧ್ಯಾಹ್ನವೆಲ್ಲ ಮಾವ ಐವತ್ತು ತೋಟಾಗಳನ್ನೂ ಒಂದೊಂದಾಗಿ ಬಿಚ್ಚಿದರು. ಸೋಮವಾರ ರೈಫಲನ್ನು ಠಾಣೆಗೆ ಒಪ್ಪಿಸಿ ಬಂದರು, ಜೊತೆಗೆ ನಾನಿದ್ದೆ. ಪರವಾನಗಿಯ ಕಟ್ಟನ್ನು ತಾವೇ ಗೋಡೆಯಿಂದ ಇಳಿಸಿದರು. ಮರುದಿನ ಬೆಳಿಗ್ಗೆ ಅತ್ತೆ ಖಾಲಿ ಮೊಳೆಗೆ ಹೂ ಸಿಕ್ಕಿಸಿದ್ದರು.

ಅತ್ತೆ ಹೋಗಿ ಈಗ ಎಂಟು ತಿಂಗಳಾಯಿತು. ಆ ಶನಿವಾರದಿಂದ ದಿನಾ ಬೆಳಿಗ್ಗೆ ಹೋಗಿ ಮಾತ್ರೆ ಕೊಡುತ್ತಿದ್ದವಳು ನಾನು. ಡಾಕ್ಟರು ಬರೆದುಕೊಟ್ಟ ಸಾವಿನ ಕಾರಣದಲ್ಲಿ ಮಾತ್ರೆಯ ಹೆಸರಿರಲಿಲ್ಲ. ಆದರೂ ಆ ಕಾಗದವನ್ನು ನಾನು ಹಲವು ಸಲ ಓದಿದ್ದೇನೆ.

ಮಾವ ಈಗ ನಮ್ಮ ಮನೆಯಲ್ಲಿದ್ದಾರೆ. ಬೆಳಿಗ್ಗೆ ಏಳಕ್ಕೆ ಅಡುಗೆಮನೆಯ ಬಾಗಿಲಿಗೆ ಬಂದು, ನಿಮ್ಮತ್ತೆಗೆ ಮದ್ದು ಕೊಟ್ನೇನಮ್ಮ ಎಂದು ಕೇಳುತ್ತಾರೆ. ಮೊದಲ ಮೂರು ದಿನ ನಿಜ ಹೇಳಿದೆ. ಮೂರು ದಿನವೂ ಅವರಿಗೆ ಅದು ಹೊಸ ಸುದ್ದಿಯಾಗಿತ್ತು. ಮೂರನೆಯ ದಿನದ ಅವರ ಮುಖ ನೋಡಿದ ಮೇಲೆ ನಿಲ್ಲಿಸಿದೆ.

ಈಗ, “ಕೊಟ್ರಿ ಮಾವ,” ಎನ್ನುತ್ತೇನೆ.

“ಎಷ್ಟು ಸಲ?”

“ಒಂದೇ ಸಲ.”

ಅವರ ಭುಜ ಸಡಿಲವಾಗುತ್ತದೆ. ಕಾಫಿ ತೆಗೆದುಕೊಂಡು ಹೋಗುತ್ತಾರೆ. ಹತ್ತು ನಿಮಿಷ ಬಿಟ್ಟು ಖಾಲಿ ಲೋಟ ಹಿಡಿದು ಮತ್ತೆ ಬಂದು, ಅದನ್ನೇ ಕೇಳುತ್ತಾರೆ.

“ಒಂದೇ ಸಲ, ಮಾವ,” ಎಂದು ಎರಡನೆಯ ಸಲವೂ ಹೇಳುತ್ತೇನೆ.